ಆಕೆ ಒಪ್ಪಲಿಲ್ಲ, ಸಾರ್

ನಾಲ್ಕು ಜನ ಸೇರಿದ ಕಡೆ ಟೀವಿಯ ಮಾತು ಬಂದರೆ ನಾನು ಮೊದಲು ಚಪ್ಪಲಿ ಹುಡುಕುತ್ತೇನೆ. ಅದರಲ್ಲೂ ನಗೆ ಕಾರ್ಯಕ್ರಮಗಳ ಮಾತು ಬಂದು, ಅಲ್ಲಿ ಕೂರುವವರಲ್ಲಿ ಹೆಂಗಸರಿಗೆ ಇಂತಿಷ್ಟು ಜಾಗ ಎಂದು ಮೀಸಲಿಡುವುದು ನ್ಯಾಯವೋ ಅನ್ಯಾಯವೋ ಎಂದು ಯಾರಾದರೂ ಶುರು ಮಾಡಿದರಂತೂ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತೇನೆ. ಹಳೆಯ ಸ್ನೇಹಿತರಿಗೆ ಇದು ಆಶ್ಚರ್ಯ. ಒಂದು ಕಾಲದಲ್ಲಿ ಈ ವಿಷಯಕ್ಕೆ ನನ್ನಷ್ಟು ಗಂಟಲು ಹರಿದುಕೊಂಡವನು ಬಂಗಾರಪೇಟೆಯಲ್ಲಿ ಇನ್ನೊಬ್ಬ ಇರಲಿಲ್ಲ. ಈಗೇಕೆ ಬಾಯಿಗೆ ಬೀಗ ಎಂದು ಕೇಳುತ್ತಾರೆ. ಎದೆ ತಟ್ಟಿ ಹೇಳಿಕೊಳ್ಳುವಂಥ ಕಾರಣವಲ್ಲ ಅದು. ಆದರೂ ಇವತ್ತು ಬರೆದುಬಿಡುತ್ತೇನೆ. ಒಳಗೇ ಇಟ್ಟುಕೊಂಡು ಸಾಕಾಗಿದೆ.

ಎಂಬತ್ತರ ದಶಕದಲ್ಲಿ ನಾನು ಕೆ.ಜಿ.ಎಫ್.ನ ಒಂದು ಕಾರ್ಖಾನೆಯಲ್ಲಿ, ಹಾಜರಿ ಲೆಕ್ಕ ಇಡುವ ಟೈಮ್ ಆಫೀಸಿನ ಗುಮಾಸ್ತ. ಮನೆ ಬಂಗಾರಪೇಟೆಯಲ್ಲಿ. ಬೆಳಗ್ಗೆ ಗಣಿ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿ ಹತ್ತಿ ಊರಿಗಾಂನಲ್ಲಿ ಇಳಿಯುವುದು, ಸಂಜೆ ಅದೇ ಗಾಡಿಯಲ್ಲಿ ವಾಪಸ್ಸು ಬರುವುದು, ಇದು ನನ್ನ ದಿನಚರಿ. ಆ ಗಾಡಿಯಲ್ಲಿ ಓಡಾಡಿದವರಿಗೆಲ್ಲ ಟವೆಲ್ಲಿನ ಪದ್ಧತಿ ಗೊತ್ತು. ಗಾಡಿ ಪ್ಲಾಟ್‌ಫಾರಂಗೆ ಬಂದು ಪೂರ್ತಿ ನಿಲ್ಲುವ ಮೊದಲೇ ಹೊರಗಿನಿಂದ ಕಿಟಕಿಯೊಳಕ್ಕೆ ಟವೆಲ್ ಎಸೆಯಬೇಕು. ಟವೆಲ್ ಬಿದ್ದ ಸೀಟು ಎಸೆದವನದು. ಆಮೇಲೆ ಅವನು ಬೀಡಿ ಸೇದಿ, ಪೇಪರ್ ಕೊಂಡು, ಯಾರ ಜೊತೆಗೋ ಹರಟಿ ನಿಧಾನವಾಗಿ ಬಂದರೂ ಆ ಸೀಟನ್ನು ಯಾರೂ ಮುಟ್ಟುವಂತಿಲ್ಲ. ನಮ್ಮದು ನಾಲ್ಕು ಜನರ ಗುಂಪು. ನಮ್ಮಲ್ಲಿ ಒಬ್ಬ ಫಿಟ್ಟರ್ ಇದ್ದ, ಬಲವಾದ ತೋಳಿನವನು. ನಾಲ್ಕೂ ಟವೆಲ್ಲನ್ನು ಅವನೊಬ್ಬನೇ ಎಸೆಯುತ್ತಿದ್ದ. ಕಿಟಕಿ ಪಕ್ಕದ್ದು ಯಾವತ್ತೂ ನನಗೆ. ಏಳೆಂಟು ವರ್ಷ ನಾನು ಆ ಸೀಟು ಬಿಟ್ಟು ಬೇರೆಡೆ ಕೂತದ್ದೇ ಇಲ್ಲ.

ಹೆಂಗಸರು ಟವೆಲ್ ಎಸೆಯುತ್ತಿರಲಿಲ್ಲ. ಅವರು ಗಾಡಿ ನಿಂತ ಮೇಲೆ ಹತ್ತಿ, ಬಾಗಿಲ ಬಳಿ ನಮ್ಮ ಬೆಂಚಿನಾಚೆ ಉಳಿದ ಒಂದು ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಜಾಗ ಸಾಲದವರು ನಿಲ್ಲುತ್ತಿದ್ದರು. ಅವರಲ್ಲಿ ಒಬ್ಬಾಕೆ ನಮ್ಮ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸಕ್ಕಿದ್ದರು. ಬಂಗಾರಪೇಟೆಯ ಹತ್ತಿರದ ಹಳ್ಳಿಯ ಹೊಲಮನೆ ಮಾಡುವ ಕುಟುಂಬದ ಹೆಣ್ಣು. ಗಂಡ ನಮ್ಮಲ್ಲೇ ವೆಲ್ಡರ್ ಆಗಿದ್ದು ತೀರಿಕೊಂಡ ಮೇಲೆ ಆಕೆಗೆ ಕೆಲಸ ಕೊಟ್ಟಿದ್ದರು. ಒಬ್ಬಳೇ ಮಗಳು, ಆಗ ಹೈಸ್ಕೂಲು. ತಾಯಿ ಮಗಳು ಇಬ್ಬರೇ ಬಂಗಾರಪೇಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು.

ಒಂದು ದಿನ ಯಾರೋ ಹುಡುಗಿ ನಮ್ಮ ಟವೆಲ್ಲುಗಳನ್ನು ತೋರಿಸಿ, "ಅಕ್ಕಾ, ನಾವೂ ಹಿಂಗೇ ಸೀಟ್ ಹಿಡೀಬಾರ್ದಾ?" ಎಂದಳು. ಆಕೆ ಕಣ್ಣು ಕೂಡ ಮಿಟುಕಿಸದೆ, "ನಮ್ದೇನಿದ್ರೂ ಸೆರಗು ಕಣಮ್ಮಾ. ಅದನ್ನ ಕಿಟ್ಕೀಲಿ ಎಸೆದ್ರೆ ಸೀಟೇನೋ ಸಿಕ್ತದೆ, ಆಮೇಲೆ ಎದ್ದು ಇಳಿಯೋದ್ ಎಂಗೆ?" ಎಂದರು. ಹೆಂಗಸರ ಬೆಂಚು ಬಿದ್ದು ಬಿದ್ದು ನಕ್ಕಿತು. ನಾವು ಗಂಡಸರು ಪೇಪರಿನ ಹಿಂದೆ ಮುಖ ಇಟ್ಟುಕೊಂಡು ನಕ್ಕೆವು.

ದಿನಾ ಇದೇ ಕಥೆ. ನಡುವಿನ ಕೋರಮಂಡಲ್ ಸ್ಟೇಷನ್ನಿನಲ್ಲಿ ಗಾಡಿ ಸುಮ್ಮನೆ ನಿಂತುಬಿಟ್ಟರೆ, "ತೌರಿಗೆ ಬಂದ ಮಗಳು ಕಣ್ರೇ ಇದು. ಕಳ್ಸೋರಿಗೂ ಮನ್ಸಿಲ್ಲ, ಒಂಡೋಳಿಗೂ ಮನ್ಸಿಲ್ಲ" ಎನ್ನುವರು. ಸ್ಟೋರ್ಸ್‌ನಿಂದ ಒಂದು ಬಲ್ಬು ಬೇಕಾದರೆ ಮೂರು ಫಾರಂ ತುಂಬಬೇಕು, ನಾಲ್ಕು ಸಹಿ ಆಗಬೇಕು. ಅದನ್ನು ಆಕೆ ಹೇಳಬೇಕು, ನೀವು ಕೇಳಬೇಕು. ಫಾರಂ ಹಿಡಿದು ಬರುವ ಅಟೆಂಡರ್ ತಮಿಳಿನಲ್ಲಿ ಗೊಣಗುವುದು, ಸೂಪರ್‌ವೈಸರ್ ತೆಲುಗಿನಲ್ಲಿ ಬೈಯುವುದು, ಸಾಹೇಬರು ಮೈಸೂರು ಕನ್ನಡದಲ್ಲಿ ಉಸ್ಸೆನ್ನುವುದು, ಮೂರನ್ನೂ ಒಂದೇ ಗಂಟಲಲ್ಲಿ ತೆಗೆದು ಕೊನೆಗೆ, "ಬಲ್ಬ್ ಬರೋ ಒತ್ಗೆ ಸಾಯೇಬ್ರಿಗೆ ಕತ್ಲೇನೇ ಅಭ್ಯಾಸ ಆಗೋಗಿತ್ತು. ಈಗ ಲೈಟ್ ಆಕುದ್ರೆ ಬೈತಾರೆ" ಎಂದು ಮುಗಿಸುವರು. ಮುಖದಲ್ಲಿ ಒಂದು ಗೆರೆ ನಗುವಿಲ್ಲ. ಅದೇ ಆಕೆಯ ಕೈಚಳಕ.

ಇನ್ನು ನನ್ನ ಕೈಚಳಕದ ಮಾತು. ನನ್ನ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರುತ್ತಿತ್ತು. ಆಕೆ ಆಡಿದ್ದನ್ನು ಕಿಟಕಿಗೆ ಮುಖ ಮಾಡಿ ಗೀಚಿಕೊಳ್ಳುತ್ತಿದ್ದೆ. ನವೆಂಬರಿನಲ್ಲಿ ಕಾರ್ಖಾನೆಯ ರಾಜ್ಯೋತ್ಸವಕ್ಕೆ ನನ್ನದೊಂದು ಹಾಸ್ಯ ಇರಲೇಬೇಕು. ಸೀರೆ ಉಟ್ಟು, ಕುಂಕುಮ ಇಟ್ಟು, ಹೆಂಗಸಿನ ವೇಷದಲ್ಲಿ ವೇದಿಕೆಗೆ ಬಂದರೆ ಶಿಳ್ಳೆಯೋ ಶಿಳ್ಳೆ. ಆ ನೋಟ್‌ಬುಕ್ಕಿನದನ್ನೆಲ್ಲ ಅಲ್ಲಿ ಉದುರಿಸುತ್ತಿದ್ದೆ. "ಹೆಂಗಸರು ಮಾತಾಡೋದನ್ನ ಇಷ್ಟು ಸೂಕ್ಷ್ಮವಾಗಿ ಹೇಗ್ರೀ ಗಮನಿಸ್ತೀರಿ?" ಎಂದು ದೊಡ್ಡ ಸಾಹೇಬರೇ ಬೆನ್ನು ತಟ್ಟಿದ್ದರು. ನಾನು ಹಲ್ಲು ಕಿರಿದು ನಿಂತಿದ್ದೆ. ಸೂಕ್ಷ್ಮವಂತೆ, ಗಮನವಂತೆ! ಶುದ್ಧ ಕಳ್ಳತನ ಅದು.

ಆಕೆಗೆ ಗೊತ್ತಿರಲಿಲ್ಲವೇ? ಸಭೆಯಲ್ಲೇ ಕೂತು ನೋಡುತ್ತಿದ್ದರು. ಒಂದು ವರ್ಷ ಮರುದಿನ ಗಾಡಿಯಲ್ಲಿ, "ನೆನ್ನೆ ಚೆನ್ನಾಗಿತ್ತು ಸಾರ್, ನಂಗೂ ನಗು ಬಂತು" ಎಂದರು. ಅಷ್ಟೇ. ನಾನು ಅದನ್ನು ಅನುಮತಿ ಎಂದುಕೊಂಡುಬಿಟ್ಟೆ. ನಮಗೆ ಅನುಕೂಲವಾದದ್ದನ್ನು ಅಂದುಕೊಳ್ಳುವುದಕ್ಕೆ ಏನು ಕಷ್ಟ ಹೇಳಿ.

ಹೀಗಿರುವಾಗ ಬೆಂಗಳೂರಿನ ಟೀವಿಯವರಿಂದ ಕಾರ್ಖಾನೆಗೆ ಒಂದು ಪತ್ರ ಬಂತು. ನಗೆಮಾತಿನ ಕಾರ್ಯಕ್ರಮ ಮಾಡುತ್ತಿದ್ದಾರೆ, ಒಂದೊಂದು ಕಾರ್ಖಾನೆಯಿಂದ ನಾಲ್ವರು ಬಂದು ಒಂದೇ ಮೇಜಿನ ಸುತ್ತ ಕೂತು ಯಾವುದಾದರೂ ವಿಷಯದ ಮೇಲೆ ಹರಟಿ ನಗಿಸಬೇಕು. ಸುದ್ದಿ ಕೇಳಿ ನಮ್ಮ ಬೆಂಚಿಗೆ ಕೊಂಬೇ ಬಂತು. ನಾಲ್ವರು ಅಂದರೆ ನಾವೇ ಅಲ್ಲವೇ! ಯಾರು ಯಾವ ಅಂಗಿ ಹಾಕಬೇಕು ಎನ್ನುವವರೆಗೂ ಮಾತಾಯಿತು. ಎರಡು ದಿನದ ಮೇಲೆ ಪತ್ರದ ಕೊನೆಯ ಸಾಲು ಗೊತ್ತಾಯಿತು. ನಾಲ್ವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು, ಇಲ್ಲದಿದ್ದರೆ ಬರುವುದು ಬೇಡ.

ನನ್ನ ಮೈಯೆಲ್ಲ ಉರಿದುಹೋಯಿತು. ಆಗಷ್ಟೇ ಮಂಡಲ ಪಂಚಾಯ್ತಿಯಲ್ಲಿ ಹೆಂಗಸರಿಗೆ ಮೀಸಲು ಬಂದು ಊರೂರಲ್ಲಿ ಅದೇ ಮಾತಾಗಿದ್ದ ಕಾಲ. ಈಗ ನಗಿಸುವುದಕ್ಕೂ ಮೀಸಲೇ? ಬೆಳಗಿನ ಗಾಡಿಯಲ್ಲಿ ನಾನು ಭಾಷಣವನ್ನೇ ಬಿಗಿದೆ. "ನಗುವಿಗೆ ಗಂಡು ಹೆಣ್ಣು ಅಂತ ಉಂಟೇನ್ರೀ? ಯಾರು ನಗಿಸ್ತಾರೋ ಅವರು ಕೂರಲಿ. ನಾಲ್ಕು ಜನಾನೂ ಹೆಂಗಸರೇ ಇರಲಿ, ನನ್ನ ತಕರಾರಿಲ್ಲ. ಯೋಗ್ಯತೆ ನೋಡಿ ಕರೀರಿ. ಜಾಗ ಮೊದಲೇ ಹಿಡಿದಿಟ್ಟು ಆಮೇಲೆ ಆಳು ಹುಡುಕೋದು ಯಾವ ಸೀಮೆ ನ್ಯಾಯ? ಹೀಗೆ ಕೂತೋರಿಗೂ ಅದು ಅವಮಾನವೇ ಅಲ್ವೇ?"

ಇದನ್ನು ನಾನು ಹೇಳಿದ್ದು ಎಲ್ಲಿ ಕೂತು ಎಂದು ನೋಡಿ. ಫಿಟ್ಟರ್ ಎಸೆದ ಟವೆಲ್ಲಿನ ಮೇಲೆ, ಕಿಟಕಿ ಪಕ್ಕದಲ್ಲಿ, ಕಾಲು ಚಾಚಿಕೊಂಡು. ಎದುರಿಗೆ ಇಬ್ಬರು ಹೆಂಗಸರು ಕಂಬಿ ಹಿಡಿದು ನಿಂತಿದ್ದರು. ಇನ್ನು ನನಗೆ ಆ ಗುಮಾಸ್ತಗಿರಿ ಸಿಕ್ಕಿದ್ದಾದರೂ ಹೇಗೆ? ನಮ್ಮ ಸೋದರಮಾವ ಕಾರ್ಖಾನೆಯಲ್ಲಿ ಯಾರಿಗೋ ಮೊದಲೇ ಹೇಳಿಟ್ಟಿದ್ದರು. ಆ ಹೊತ್ತಿಗೆ ಇದ್ಯಾವುದೂ ನನ್ನ ತಲೆಗೆ ಹೊಳೆಯಲಿಲ್ಲ.

ಹೆಂಗಸರ ಬೆಂಚಿನಿಂದ ಆಕೆಯ ದನಿ ಬಂತು: "ಅಯ್ಯೋ, ಸಾರ್ಗೆ ಯಾಕಿಷ್ಟು ಬಿಸಿ? ನಾಕು ಟವೆಲ್ನಾಗೆ ಒಂದ್ ಎತ್ಕೊಳ್ರಪ್ಪಾ ಅಂದ್ರೆ ಇಷ್ಟೊಂದಾ?"

ಇಡೀ ಡಬ್ಬಿ ನಕ್ಕಿತು. ಫಿಟ್ಟರಂತೂ ತೊಡೆ ತಟ್ಟಿಕೊಂಡು ನಕ್ಕ. "ಸರ್ಯಾಗ್ ಕೊಟ್ಟರು ನೋಡ್ಲಾ!" ಎಂದು ನನ್ನ ಭುಜ ಅಲುಗಿಸಿದ. ನಾನೂ ನಕ್ಕಂತೆ ಮಾಡಿದೆ. ಅರ್ಧ ಗಂಟೆ ನಾನು ಅರಚಿದ್ದಕ್ಕೆ ಆಕೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿದ್ದರು. ಅದೂ ನಗಿಸಿ. ಆ ಕ್ಷಣ ನನಗೆ ಭಯ ಹುಟ್ಟಿತು. ಈಕೆ ಆ ಮೇಜಿನ ಮುಂದೆ ಕೂತರೆ ಎರಡನೇ ಮಾತಿಗೇ ಎಲ್ಲರಿಗೂ ತಿಳಿದುಬಿಡುತ್ತದೆ, ನನ್ನ ಸರಕು ಎಲ್ಲಿಂದ ಬರುತ್ತಿದೆ ಎಂದು.

ಆಮೇಲಿನ ದಿನಗಳಲ್ಲಿ ಒಂದು ಸಂಗತಿ ಗಮನಿಸಿದೆ. ಆಕೆ ಹೆಂಗಸರ ಬೆಂಚಿನ ಈ ತುದಿಗೆ, ನಮ್ಮ ಕಡೆಗೆ, ಬಂದು ಕೂರತೊಡಗಿದರು. ಮೊದಲು ಬಾಗಿಲ ಕಡೆ ಕೂರುತ್ತಿದ್ದವರು. ನಮ್ಮಲ್ಲಿ ಯಾರಾದರೂ ಅತ್ತ ತಿರುಗಿದರೆ ಆಕೆಯೂ ಇತ್ತ ನೋಡುವರು. ಏನೂ ಕೇಳಲಿಲ್ಲ. ಕೇಳುವ ಜಾತಿಯೂ ಅಲ್ಲ. ನಾನು ಪೇಪರನ್ನು ಇನ್ನಷ್ಟು ಎತ್ತರಕ್ಕೆ ಹಿಡಿದೆ.

ಒಂದು ಮಧ್ಯಾಹ್ನ ವೆಲ್‌ಫೇರ್ ಆಫೀಸರ್ ಕರೆಸಿದರು. ಒಳ್ಳೆಯ ಮನುಷ್ಯ, ಮೈಸೂರಿನವರು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. "ಸ್ಟೋರ್ಸ್‌ನಲ್ಲಿ ಒಬ್ಬರು ಇದ್ದಾರಂತಲ್ಲ, ತುಂಬಾ ಚೆನ್ನಾಗಿ ಮಾತಾಡ್ತಾರಂತೆ. ನಿಮ್ಮ ಗಾಡಿಯಲ್ಲೇ ಬರ್ತಾರಂತೆ. ಟೀವಿಗೆ ಬರ್ತೀರಾ ಅಂತ ನೀವೇ ಒಂದು ಮಾತು ಕೇಳಿ ನೋಡಿ. ನಾನು ಇಲ್ಲಿಗೆ ಕರೆಸಿ ಕೇಳಿದರೆ ಏನೋ ತಪ್ಪಾಯ್ತು ಅಂತ ಹೆದರಿಕೊಂಡಾರು."

"ಆಗ್ಲಿ ಸಾರ್, ಕೇಳ್ತೀನಿ" ಎಂದೆ.

ಅಂದು ಸಂಜೆ ಗಾಡಿಯಲ್ಲಿ ಆಕೆ ನನ್ನಿಂದ ನಾಲ್ಕು ಅಡಿ ದೂರದಲ್ಲಿದ್ದರು. ಮಡಿಲಲ್ಲಿ ಊಟದ ಡಬ್ಬಿಯ ಚೀಲ. ಊರಿಗಾಂನಿಂದ ಬಂಗಾರಪೇಟೆಯವರೆಗೆ ಸಮಯ ಬೇಕಾದಷ್ಟಿತ್ತು. ಕೋರಮಂಡಲ್‌ನಲ್ಲಿ ಗಾಡಿ ನಿಂತು, ಮತ್ತೆ ಹೊರಟಿತು. ನಾನು ಕೇಳಲಿಲ್ಲ. ಬಂಗಾರಪೇಟೆ ಬಂತು. ಆಕೆ ಇಳಿಯುವಾಗ, "ಬತ್ತೀನಿ ಸಾರ್" ಎಂದರು. "ಆಗ್ಲಮ್ಮಾ" ಎಂದೆ. ಮಾತು ಅಷ್ಟೇ.

ಮರುದಿನ ಬೆಳಗ್ಗೆ ಆಫೀಸರ ಮುಂದೆ ನಿಂತು ಹೇಳಿದೆ: "ಆಕೆ ಒಪ್ಪಲಿಲ್ಲ, ಸಾರ್. ಮನೇಲಿ ಬಿಡಲ್ಲವಂತೆ. ಗಂಡಸರ ಮಧ್ಯೆ ಕೂರೋಕೆ ನಾಚಿಕೆಯಂತೆ."

ಒಂದು ಸುಳ್ಳಿಗೆ ಮೂರು ಸಾಲು ಏಕೆ ಬೇಕಿತ್ತೋ. ನಾಲಿಗೆ ತಾನಾಗಿ ಉದ್ದವಾಯಿತು. ಮನೆಯಲ್ಲಿ ಯಾರಿದ್ದರು ಆಕೆಯನ್ನು ತಡೆಯುವುದಕ್ಕೆ? ಹೈಸ್ಕೂಲು ಓದುವ ಮಗಳೇ? ಆಫೀಸರು ನಿಟ್ಟುಸಿರು ಬಿಟ್ಟರು. "ಅಷ್ಟೇ ನೋಡಿ. ನಾವು ಅವಕಾಶ ಕೊಟ್ಟರೂ ಇವರು ಮುಂದೆ ಬರೋದಿಲ್ಲ. ಏನು ಮಾಡೋಕಾಗುತ್ತೆ?" ಎಂದರು. ನಾನು ತಲೆಯಾಡಿಸಿದೆ.

ಆಮೇಲೆ ಹೆಣ್ಣು ಹುಡುಕುವ ಕೆಲಸವೂ ನನ್ನ ಪಾಲಿಗೇ ಬಂತು. ಆ ಆಫೀಸರ ಹತ್ತಿರವೇ ಹೊಸದಾಗಿ ಸೇರಿದ್ದ ಒಬ್ಬ ಸ್ಟೆನೋ ಹುಡುಗಿ ಇದ್ದಳು, ಹಾಸನದ ಕಡೆಯವಳು. ನಾಲ್ಕು ಜನರ ಮುಂದೆ ಹೆಸರು ಹೇಳುವುದಕ್ಕೂ ಬೆವರುವವಳು. ಅವಳನ್ನೇ ಆರಿಸಿದೆ. "ನೀನೇನೂ ಮಾತಾಡೋದು ಬೇಡಮ್ಮಾ. ಸುಮ್ಮನೆ ನಗುಮುಖ ಇಟ್ಕೊಂಡು ಕೂತಿದ್ರೆ ಸಾಕು, ಎಲ್ಲ ನಾವು ನೋಡ್ಕೋತೀವಿ" ಎಂದೆ. ನಮ್ಮಲ್ಲಿ ಫಿಟ್ಟರ್ ಜಾಗ ಬಿಟ್ಟುಕೊಟ್ಟ. "ಓಗ್ಲಿ ಬಿಡ್ಲಾ, ನಂಗೆ ಹೆಂಗೂ ಕ್ಯಾಮರಾ ಅಂದ್ರೆ ನಡುಕ" ಎಂದ. ನಾನಾದರೆ ಬಿಡುತ್ತಿದ್ದೆನೇ? ಇಲ್ಲ.

ಬೆಂಗಳೂರಿನಲ್ಲಿ ದೊಡ್ಡ ದೀಪಗಳ ಕೆಳಗೆ ನಮ್ಮನ್ನು ಕೂರಿಸಿದರು. ಎದುರಿಗೆ ನಲವತ್ತು ಐವತ್ತು ಜನ ಪ್ರೇಕ್ಷಕರು. ಅವತ್ತಿನ ವಿಷಯ ನೆರೆಹೊರೆ. ನಡೆಸಿಕೊಡುವವರು ಮೊದಲ ಪ್ರಶ್ನೆಯನ್ನು ಮರ್ಯಾದೆಗೆಂದು ಆ ಹುಡುಗಿಗೇ ಕೇಳಿದರು. ಅವಳ ತುಟಿ ಒಣಗಿತು. ನನ್ನ ಕಡೆ ತೋರಿಸಿ, "ಸಾರ್ ಹೇಳ್ತಾರೆ" ಎಂದಳು. ಜನ ನಕ್ಕರು. ಅವಳ ಮಾತಿಗಲ್ಲ, ಅವಳಿಗೇ ನಕ್ಕರು. ನಾನು ಒಳಗೊಳಗೇ, ನೋಡಿದಿರಾ, ಮೀಸಲು ಕೊಟ್ಟರೆ ಆಗುವುದು ಇದೇ ಎಂದುಕೊಂಡೆ. ಆ ಗೊಂಬೆಯನ್ನು ತಂದು ಕೂರಿಸಿದವನು ನಾನೇ ಎಂಬುದು ಆಗ ನನಗೆ ನೆನಪಿಗೇ ಬರಲಿಲ್ಲ.

ಕಾರ್ಯಕ್ರಮ ಸಪ್ಪೆಯಾಗುತ್ತಿತ್ತು. ಬಲ್ಬಿನ ಕಥೆ ಹೇಳಿದೆ, ಸ್ವಲ್ಪ ನಕ್ಕರು. ಆಗ ನನಗೆ ನೋಟ್‌ಬುಕ್ಕಿನ ಒಂದು ಪುಟ ನೆನಪಾಯಿತು. ಆ ಪುಟವನ್ನು ನಾನು ಅದುವರೆಗೆ ವೇದಿಕೆಯ ಮೇಲೆ ಮುಟ್ಟಿರಲಿಲ್ಲ. ಅಷ್ಟಾದರೂ ಮನುಷ್ಯತ್ವ ಉಳಿದಿತ್ತು. ಅವತ್ತು ಅದೂ ಹೋಯಿತು.

ಅದು ಆಕೆ ಗಂಡ ಸತ್ತ ದಿನಗಳ ಬಗ್ಗೆ ಹೇಳಿದ ಮಾತು. ಒಂದು ಸಂಜೆ ಗಾಡಿಯಲ್ಲಿ, ಹೊಸದಾಗಿ ಗಂಡನನ್ನು ಕಳೆದುಕೊಂಡ ಇನ್ನೊಬ್ಬ ಹೆಂಗಸು ಅಳುತ್ತಾ ಕೂತಿದ್ದಾಗ ಅವಳ ಕೈ ಹಿಡಿದುಕೊಂಡು ಹೇಳಿದ್ದರು: "ಅನ್ನೊಂದು ದಿನ ಬಂದೋರೆಲ್ಲ 'ಏನಾದ್ರೂ ಬೇಕಾದ್ರೆ ಕೇಳಮ್ಮಾ, ಸಂಕೋಚ ಬ್ಯಾಡ' ಅನ್ನೋರು. ಅವ್ರಿಗೆಲ್ಲ ಕಾಪಿ ಕಾಯ್ಸಿ ಕಾಯ್ಸಿ ಕೊನೀಗೆ ನಂಗೆ ಬೇಕಾಗಿದ್ದು ಒಂದೇ ಕಣವ್ವಾ. ಸಕ್ರೆ." ಅಳುತ್ತಿದ್ದವಳು ಮೂಗು ಒರೆಸಿಕೊಂಡು ನಕ್ಕಿದ್ದಳು. ಆಕೆಯೂ ನಕ್ಕಿದ್ದರು, ಕಣ್ಣು ಒದ್ದೆಯಾಗಿತ್ತು. ನಾನು ಕಿಟಕಿಗೆ ತಿರುಗಿ ಅದನ್ನು ಬರೆದುಕೊಂಡಿದ್ದೆ. ಹೂಂ, ಬರೆದುಕೊಂಡಿದ್ದೆ.

ಟೀವಿಯಲ್ಲಿ ನಾನು, "ನಮ್ಮ ಪಕ್ಕದ ಮನೆಯಲ್ಲೊಬ್ಬ ಹೆಂಗಸು" ಎಂದು ಶುರು ಮಾಡಿ, ದನಿ ಹೆಣ್ಣು ಮಾಡಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡಂತೆ ನಟಿಸಿ ಅದನ್ನು ಹೇಳಿದೆ. 'ಸಕ್ರೆ' ಅಂದದ್ದೇ ತಡ, ಸಭೆ ಎದ್ದು ಬಿದ್ದು ನಕ್ಕಿತು. ಕ್ಯಾಮರಾ ಹಿಡಿದವನ ಹೆಗಲು ಕುಲುಕುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ನಗು ನನಗೆ ಮತ್ತೆ ಸಿಕ್ಕಿಲ್ಲ.

ಮುಂದಿನ ತಿಂಗಳು ಒಂದು ಭಾನುವಾರ ಸಂಜೆ ಅದು ಪ್ರಸಾರವಾಯಿತು. ನಮ್ಮ ಮನೆಯ ನಡುಮನೆ ತುಂಬ ಅಕ್ಕಪಕ್ಕದವರು. ಎಲ್ಲ ನಕ್ಕರು. ಎಲ್ಲ ಹೋದ ಮೇಲೆ ನನ್ನ ಹೆಂಡತಿ ಚಾಪೆ ಸುತ್ತುತ್ತಾ ಕೇಳಿದಳು: "ಆ ಹುಡ್ಗಿ ಪಾಪ ಯಾಕೆ ಬಾಯೇ ಬಿಡ್ಲಿಲ್ಲ? ನಿಮ್ ಗಾಡೀಲಿ ಒಬ್ರು ಬಲೇ ಮಾತಾಡ್ತಾರೆ ಅಂತಿದ್ರಲ್ಲ, ಅವ್ರನ್ನ ಕರ್ಕೊಂಡೋಗ್ಬಾರ್ದಿತ್ತಾ?"

"ಒಪ್ಪಲಿಲ್ಲ ಕಣೇ" ಎಂದೆ. ಎರಡನೇ ಸಲಕ್ಕೆ ಸುಳ್ಳು ಎಷ್ಟು ಸಲೀಸು.

ಸೋಮವಾರ ಪ್ಲಾಟ್‌ಫಾರಂನಲ್ಲಿ ಕೈ ಕುಲುಕಿದವರೆಷ್ಟು ಮಂದಿ! ಟೀ ಅಂಗಡಿಯವನು ನನ್ನನ್ನು ಕಂಡೊಡನೆ, "ಸಾರ್, ಸಕ್ರೆ ಎಷ್ಟಾಕ್ಲಿ?" ಎಂದ. ನಕ್ಕು, ಬೀಗಿ, ಕೊನೆಯವನಾಗಿ ಗಾಡಿ ಹತ್ತಿದೆ. ನನ್ನ ಕಿಟಕಿ ಪಕ್ಕದ ಸೀಟಿನಲ್ಲಿ ಆಕೆ ಕೂತಿದ್ದರು. ನನ್ನ ಟವೆಲ್ಲನ್ನು ನಾಲ್ಕು ಮಡಿಕೆ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನನ್ನ ಸ್ನೇಹಿತರು ಏನು ಮಾಡುವುದೆಂದು ತಿಳಿಯದೆ ನಿಂತೇ ಇದ್ದರು.

"ತಗೊಳ್ಳಿ ಸಾರ್" ಎಂದು ಟವೆಲ್ ನನ್ನ ಕೈಗೆ ಕೊಟ್ಟರು. ಎದ್ದು ನಿಂತರು. ದನಿ ಏರಿಸಲಿಲ್ಲ.

"ಸ್ಟೆನೋ ಹುಡ್ಗಿ ಏಳಿದ್ಲು. ನನ್ನ ಕೇಳಿದ್ರಂತೆ, ನಾನು ಒಲ್ಲೆ ಅಂದ್ನಂತೆ, ಮನೇಲಿ ಬಿಡಲ್ಲ ಅಂದ್ನಂತೆ. ಯಾವತ್ತು ಸಾರ್ ಕೇಳಿದ್ದು? ನಾನೆಲ್ಲಿದ್ದೆ ಆವಾಗ?"

ಇಡೀ ಡಬ್ಬಿ ಕಿವಿಯಾಗಿತ್ತು. ಫಿಟ್ಟರ್ ನನ್ನ ಮುಖವನ್ನೇ ನೋಡುತ್ತಿದ್ದ. ಅವನು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

"ಕೇಳ್ತೀರಾ ಅಂತ ಕಾದಿದ್ದೆ ಸಾರ್" ಎಂದರು. "ಎರಡು ವಾರ ಆ ತುದೀಗ್ ಬಂದು ಕೂತಿದ್ದೆ. ಸೀರೇನೂ ತೆಗ್ದು ಇಸ್ತ್ರಿ ಮಾಡ್ಸಿ ಇಟ್ಟಿದ್ದೆ, ಮಗಳು ಆರಿಸಿದ್ಲು. ಮಾತು ತಗೊಂಡ್ರಿ, ತಗೊಳ್ಳಿ, ಮಾತ್ಗೇನು, ನಾಳೆ ಇನ್ನೊಂದು ಬತ್ತದೆ. ಆದ್ರೆ ಆ ಸಕ್ರೆ ನಂದು ಸಾರ್. ನನ್ ಗಂಡ ಸತ್ತಿದ್ದು. ನನ್ ಮಗಳು ಟೀವಿ ಮುಂದೆ ಕೂತಿದ್ಲು. 'ಅಮ್ಮಾ, ಇದು ನಮ್ಮಪ್ಪಂದಲ್ವಾ' ಅಂದ್ಲು."

ಅಷ್ಟು ಹೇಳಿ ತಮ್ಮ ಬೆಂಚಿಗೆ ಹೋದರು. ಅಲ್ಲಿ ಜಾಗ ಹೋಗಿತ್ತು. ಊರಿಗಾಂವರೆಗೂ ಕಂಬಿ ಹಿಡಿದು ನಿಂತೇ ಬಂದರು. ನನ್ನ ಕಿಟಕಿ ಪಕ್ಕದ ಸೀಟು ಖಾಲಿಯಿತ್ತು. ನಾನೂ ಕೂರಲಿಲ್ಲ, ಬನ್ನಿ ಕೂತುಕೊಳ್ಳಿ ಎಂದು ಕರೆಯಲೂ ಇಲ್ಲ. ಕ್ಷಮಿಸಿ ಎಂಬ ಮೂರಕ್ಷರವನ್ನೂ ಆಡಲಿಲ್ಲ. ಅಷ್ಟು ಜನರ ಮುಂದೆ ಹೇಗೆ ಹೇಳುವುದು ಎಂದುಕೊಂಡೆ. ಆಕೆಯ ಮಾತನ್ನು ಊರಿಗೆಲ್ಲ ಕೇಳುವಂತೆ ಆಡಿದವನಿಗೆ ಮೂವತ್ತು ಜನರ ಮುಂದೆ ನಾಚಿಕೆ. ಥೂ.

ಅಂದಿನಿಂದ ನಾನಿದ್ದ ಡಬ್ಬಿಯಲ್ಲಿ ಆಕೆ ತಮಾಷೆ ಆಡಲಿಲ್ಲ. ಹುಡುಗಿಯರು ಏನಾದರೂ ಕೇಳಿದರೆ ಹೂಂ, ಉಹೂಂ. ಆ ಬೆಂಚೇ ಮೂಕವಾಯಿತು. ಹದಿನೈದು ದಿನ ನೋಡಿದೆ. ನಾನು ನೋಟ್‌ಬುಕ್ ತರುವುದನ್ನು ಬಿಟ್ಟೆ, ಆದರೆ ಅದನ್ನು ಆಕೆಗೆ ಹೇಳುವುದು ಹೇಗೆ? ಕೊನೆಗೆ ಒಂದು ದಿನ ಫಿಟ್ಟರ್, "ನೀನು ಪಕ್ಕದ ಡಬ್ಬಿಗೋಗ್ಲಾ. ನಿನ್ನಿಂದ ಅವ್ರೂ ನಗ್ತಾ ಇಲ್ಲ, ನಾವೂ ನಗ್ತಾ ಇಲ್ಲ" ಎಂದ. ಬೇಜಾರಿನಿಂದಲೇ ಹೇಳಿದ, ಆದರೆ ಹೇಳಿದ. ನಾನು ಹಿಂದಿನ ಡಬ್ಬಿಗೆ ಹೋದೆ. ಅಲ್ಲಿ ನನಗಾಗಿ ಟವೆಲ್ ಎಸೆಯುವವರು ಯಾರೂ ಇರಲಿಲ್ಲ. ಬಾಗಿಲಲ್ಲಿ ನಿಂತು ಹೋಗುತ್ತಿದ್ದೆ. ನಾಲ್ಕನೆಯ ದಿನವೋ ಐದನೆಯ ದಿನವೋ ಕೋರಮಂಡಲ್‌ನಲ್ಲಿ ಗಾಡಿ ನಿಂತಾಗ ಮುಂದಿನ ಡಬ್ಬಿಯಿಂದ ಹೆಂಗಸರ ನಗು ಕೇಳಿಸಿತು. ಏನು ಹೇಳಿದರೋ ತಿಳಿಯಲಿಲ್ಲ. ಸಮಾಧಾನವೂ ಆಯಿತು, ಅಳುವೂ ಬಂತು.

ಆ ವರ್ಷದ ರಾಜ್ಯೋತ್ಸವಕ್ಕೆ ವೇಷ ಹಾಕಿದೆ. ಸ್ವಂತದ್ದೇನಾದರೂ ಹೇಳೋಣವೆಂದು ಹೊರಟೆ. ಒಬ್ಬರೂ ನಗಲಿಲ್ಲ. ಅಂದೇ ಕೊನೆ.

ಆದರೆ ನಾನು ಆಡಿದ ಸುಳ್ಳು ಮಾತ್ರ ಕಾರ್ಖಾನೆಯಲ್ಲಿ ಬಾಳಿ ಬದುಕಿತು. ಕ್ಲಬ್ಬಿನ ಕಮಿಟಿಗೆ ಒಬ್ಬ ಹೆಂಗಸನ್ನು ತೆಗೆದುಕೊಳ್ಳೋಣವೇ ಎಂದು ಮಾತು ಬಂದಾಗ ಯಾರೋ, "ಟೀವಿಗೇ ಕರೆದಿದ್ವಲ್ಲ, ಬರಲಿಲ್ಲ. ಇದಕ್ಕೆ ಬರ್ತಾರಾ?" ಎಂದರು. ನಾಟಕದಲ್ಲಿ ಹೆಣ್ಣು ಪಾತ್ರಕ್ಕೆ ಹೆಣ್ಣನ್ನೇ ಕೇಳೋಣ ಎಂದಾಗಲೂ ಅದೇ ಮಾತು. ಆ ಸಭೆಗಳಲ್ಲೆಲ್ಲ ನಾನಿದ್ದೆ. ಪ್ರತಿ ಸಲವೂ ಉಗುರು ನೋಡಿಕೊಳ್ಳುತ್ತಾ ಕೂತಿದ್ದೆ.

ಮೂರು ವರ್ಷ ಕಳೆದು, ತೊಂಬತ್ತರ ದಶಕದ ಆರಂಭದಲ್ಲಿ, ಟೀವಿಯವರ ಪತ್ರ ಇನ್ನೊಮ್ಮೆ ಬಂತು. ಅದೇ ಕಾರ್ಯಕ್ರಮ, ಅದೇ ಷರತ್ತು. ಅದೇ ಆಫೀಸರು. ಅವರು ಕರೆಸದಿದ್ದರೂ ನಾನೇ ಅವರ ಕೋಣೆಗೆ ಹೋದೆ. "ಈ ಸಲ ನಾನು ಹೋಗಲ್ಲ ಸಾರ್. ನನ್ನ ಜಾಗಕ್ಕೆ ಸ್ಟೋರ್ಸ್‌ನವರೇ ಹೋಗಲಿ. ನಾನೇ ಕೇಳಿ ಬರ್ತೀನಿ" ಎಂದೆ. "ಪ್ರಯತ್ನ ಮಾಡಿ" ಎಂದು ಅವರು ನಕ್ಕರು. ಇದೇ ನನ್ನ ಕ್ಷಮಾಪಣೆ ಎಂದು ಮನಸ್ಸಿನಲ್ಲಿ ಎಣಿಸಿಕೊಂಡೆ. ಬಾಯಿಬಿಟ್ಟು ತಪ್ಪಾಯಿತು ಎನ್ನುವುದಕ್ಕಿಂತ ಇದು ಸುಲಭವಾಗಿತ್ತು.

ಸಂಜೆ ಮುಂದಿನ ಡಬ್ಬಿ ಹತ್ತಿದೆ. ನಾನು ಒಳಗೆ ಬಂದೊಡನೆ ಮಾತು ನಿಂತಿತು. ಆಕೆಯ ಬೆಂಚಿನ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಅಮ್ಮಾ, ಟೀವಿಯವರು ಮತ್ತೆ ಕರೆದಿದಾರೆ. ನೀವು ಹೋಗಬೇಕು. ಈ ಸಲ ನಿಜವಾಗಿ ಕೇಳ್ತಿದೀನಿ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೆರಗನ್ನು ನಿಧಾನವಾಗಿ ತಲೆಯ ಮೇಲೆ ಎಳೆದುಕೊಂಡು, ಕಣ್ಣು ನೆಲಕ್ಕೆ ಹಾಕಿ, ಹೊಸ ಮದುಮಗಳಂತೆ ದನಿ ಮಾಡಿಕೊಂಡು ಹೇಳಿದರು: "ಒಪ್ಪಲ್ಲ ಸಾರ್. ಮನೇಲಿ ಬಿಡಲ್ಲ. ಗಂಡಸ್ರ ಮದ್ಯೆ ಕೂರಾಕೆ ನಾಚ್ಕೆ."

ಬೆಂಚು ಒಡೆದುಹೋಗುವಂತೆ ನಕ್ಕಿತು. ಗಂಡಸರೂ ನಕ್ಕರು. ಫಿಟ್ಟರ್ ಬೇರೆ ಕಡೆ ತಿರುಗಿ ನಕ್ಕ. ನನ್ನ ಮಾತೇ, ಒಂದಕ್ಷರ ಆಚೀಚೆ ಇಲ್ಲ. ಮೂರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. ಆಕೆ ಆಡಿದ್ದರಲ್ಲೆಲ್ಲ ಅದರಷ್ಟು ನಗು ತರಿಸಿದ ತಮಾಷೆಯನ್ನು ನಾನು ಕೇಳಿಲ್ಲ, ಅದು ನನ್ನ ಮೇಲೇ ಇತ್ತು. ನಿಂತೇ ಇದ್ದೆ, ನಿಲ್ಲಬೇಕಾಗಿತ್ತು.

ನಗು ಇಳಿದ ಮೇಲೆ ಆಕೆ ಸೆರಗು ತೆಗೆದರು. ತಮ್ಮ ಮಾಮೂಲಿ ದನಿಯಲ್ಲಿ, ನನಗಷ್ಟೇ ಕೇಳುವಂತೆ, "ಇಲ್ಲ ಸಾರ್, ನಿಜವಾಗ್ಲೂ ಒಲ್ಲೆ" ಎಂದರು. "ಆವಾಗ ಆಸೆ ಇತ್ತು, ಒಂಟೋಯ್ತು. ಆ ಸೀರೇನೂ ಮಗಳಿಗೆ ಕೊಟ್ಬುಟ್ಟೆ, ಕಾಲೇಜಿಗೆ ಉಟ್ಕೊಂಡೋಗ್ತಾಳೆ."

ಮರುದಿನ ಬೆಳಗ್ಗೆ ಆಫೀಸರ ಮುಂದೆ ನಿಂತೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಮೊದಲ ಸಲ ನಾನು ಕೇಳಿರಲೇ ಇಲ್ಲ, ಎಲ್ಲ ನನ್ನ ಸುಳ್ಳು, ಆಕೆಯದು ಏನೂ ತಪ್ಪಿಲ್ಲ ಎಂದು ಹೇಳಿಬಿಡಬೇಕು. ಅವರು ಫೈಲಿನಿಂದ ತಲೆ ಎತ್ತಿ, "ಏನಂದರು?" ಎಂದರು.

"ಆಕೆ ಒಪ್ಪಲಿಲ್ಲ, ಸಾರ್."

"ನನಗೆ ಗೊತ್ತಿತ್ತು. ಎರಡು ಸಲ ಕೇಳಿದ್ವಿ, ಇನ್ನೇನು ಮಾಡೋಣ? ಸುಮ್ಮನೆ ಮೀಸಲು ಮೀಸಲು ಅಂತಾರೆ. ಅವಕಾಶ ಕೊಟ್ಟರೂ ಈ ಹೆಂಗಸರು ಬರೋದಿಲ್ಲ, ಅಲ್ವೇ?"

ಹೇಳಬೇಕೆಂದೇ ಬಾಯಿ ತೆರೆದೆ.

"ಹೌದು, ಸಾರ್" ಎಂದೆ.